ಅಗೆಯುವ ಮೊದಲು ಕೇಳಿ: ನೆಲದಡಿಯ ಕೇಬಲ್, ಪೈಪ್ ಪ್ರಶ್ನೋತ್ತರ

ಅಡ್ಮಿನ್: ನೆಲದಡಿಯ ಕೇಬಲ್ ಪತ್ತೆ ಮಾಡುವ ಎಂಜಿನಿಯರ್ ಇವತ್ತು ನಮ್ಮ ಜೊತೆ ಇದ್ದಾರೆ. ಕೇಳಿ.

ತುಮಕೂರು: ಸರ್, ಮನೆ ಮುಂದೆ ಮಳೆನೀರಿನ ಇಂಗುಗುಂಡಿ ತೆಗೆಸಬೇಕು. ಯಾರನ್ನು ವಿಚಾರಿಸಲಿ?

ಎಂಜಿನಿಯರ್: ವಿದ್ಯುತ್ ಕಚೇರಿ, ನೀರಿನ ಕಚೇರಿ, ಗ್ಯಾಸ್ ಪೈಪ್ ಬಂದಿದ್ದರೆ ಆ ಕಂಪನಿ. ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಕೂಡ ಇದೆ, 2023ರ ಮಾರ್ಚ್‌ನಲ್ಲಿ ಬಂದದ್ದು. ನಕ್ಷೆ ಸಿಕ್ಕರೂ ಮೊದಲು ಕೈಯಿಂದ ಸಣ್ಣ ಗುಂಡಿ ತೋಡಿ ನೋಡಿ.

ದಾವಣಗೆರೆ: ನೆಲದಡಿಯ ಕೇಬಲ್ ಹುಡುಕುವ ಲೊಕೇಟರ್ ಯಂತ್ರಕ್ಕೆ ದಿನದ ಬಾಡಿಗೆ ಎಷ್ಟು ಸರ್?

ಮೈಸೂರು: ಸರ್, ಕಾಂಪೌಂಡ್ ಪಿಲ್ಲರ್‌ಗೆ ಗುಂಡಿ ತೆಗೆಸುತ್ತಿದ್ದೇವೆ. ಮೂರು ಅಡಿಯಲ್ಲಿ ಸಾಲಾಗಿ ಇಟ್ಟಿಗೆ ಸಿಕ್ಕಿತು, ತೆಗೆದೆವು. ಕೆಳಗೆ ಮರಳು, ಅದರಲ್ಲಿ ದಪ್ಪ ಕಪ್ಪು ಕೇಬಲ್. ಮೇಸ್ತ್ರಿ ಟೆಸ್ಟರ್ ಇಟ್ಟು ನೋಡಿ, ದೀಪ ಹತ್ತಲಿಲ್ಲ, ಹಳೇದು, ಕತ್ತರಿಸೋಣ ಅಂತಾರೆ.

ಎಂಜಿನಿಯರ್: ಕತ್ತರಿಸಬೇಡಿ. ಈಗಲೇ ಎಲ್ಲರನ್ನೂ ಗುಂಡಿಯಿಂದ ಮೇಲೆ ಕರೆಯಿರಿ. ಆ ಇಟ್ಟಿಗೆ ಯಾರೋ ಎಸೆದದ್ದಲ್ಲ. ಹಾರೆ ಮೊದಲು ಇಟ್ಟಿಗೆಗೆ ತಾಗಲಿ ಅಂತ ಕೇಬಲ್ ಹಾಕಿದವರೇ ಜೋಡಿಸಿದ್ದು. 11 ಕೆವಿ, ಅಂದರೆ 11 ಸಾವಿರ ವೋಲ್ಟ್ ಕೇಬಲನ್ನು ಸಾಮಾನ್ಯವಾಗಿ 90 ಸೆಂಟಿಮೀಟರ್ ಆಳದಲ್ಲಿ ಹೂಳುತ್ತಾರೆ. ನಿಮ್ಮ ಮೂರು ಅಡಿ ಅಂದರೆ ಹೆಚ್ಚುಕಡಿಮೆ ಅಷ್ಟೇ. ಕರೆಂಟ್ ಓಡುವುದು ಒಳಗಿನ ತಂತಿಯಲ್ಲಿ. ಅದರ ಸುತ್ತ ಇನ್ಸುಲೇಷನ್, ಅರ್ಥ್ ಮಾಡಿದ, ಅಂದರೆ ನೆಲಕ್ಕೆ ಜೋಡಿಸಿದ ಉಕ್ಕಿನ ಕವಚ, ಅದರ ಮೇಲೆ ಪ್ಲಾಸ್ಟಿಕ್. ಹೊರಗೆ ಟೆಸ್ಟರ್ ಇಟ್ಟರೆ ದೀಪ ಹತ್ತುವುದೇ ಇಲ್ಲ, ಒಳಗೆ ಜೀವ ಇದ್ದರೂ.

ಇನ್ನೊಂದು ಮಾತು. ಇಂಥ ಕಡೆ ನಮ್ಮ ಲೊಕೇಟರ್ ಯಂತ್ರವೂ ಒಮ್ಮೊಮ್ಮೆ ಸುಮ್ಮನಿರುತ್ತದೆ. ಅದು ಹಿಡಿಯುವುದು ಹರಿಯುವ ಕರೆಂಟಿನ ಸುತ್ತ ಹುಟ್ಟುವ ಕಾಂತಕ್ಷೇತ್ರವನ್ನು. ಬೇರೆ ಲೈನ್ ಕೆಟ್ಟಾಗ ಬೇಕಾಗುತ್ತದೆ ಅಂತ ಇಟ್ಟಿರುವ ಕೇಬಲ್‌ನಲ್ಲಿ ಕರೆಂಟ್ ಹರಿಯದೇ ಇರಬಹುದು, ವೋಲ್ಟೇಜ್ ಮಾತ್ರ ಪೂರ್ತಿ ಇರುತ್ತದೆ. ಹಾಗಾಗಿ ‘ಇದು ಸತ್ತಿದೆ’ ಅಂತ ಹೇಳಬೇಕಾದವರು ಅದರ ಮಾಲೀಕರು. ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಹಾಸನ: ಫಾರ್ವರ್ಡ್ ಬಂದಿದೆ. ಎರಡು ತಾಮ್ರದ ಕಡ್ಡಿ ಬಗ್ಗಿಸಿ ಹಿಡಿದು ನಡೆದರೆ ಪೈಪ್ ಮೇಲೆ ಅಡ್ಡ ಆಗುತ್ತವಂತೆ.

ಎಂಜಿನಿಯರ್: ಕೈ ಸ್ವಲ್ಪ ವಾಲಿದರೂ ಕಡ್ಡಿ ತಿರುಗುತ್ತದೆ. ಅದನ್ನು ನಂಬಿ ಜೆಸಿಬಿ ಇಳಿಸಬೇಡಿ. ದಯವಿಟ್ಟು ಅದನ್ನು ಮುಂದೆ ಕಳಿಸಲೂಬೇಡಿ.

ಮಂಡ್ಯ: ನಮ್ಮ ತಾತ ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ಎಷ್ಟೋ ಬಾವಿ ತೋರಿಸಿದ್ದಾರೆ. ಎಲ್ಲಾ ಸುಳ್ಳಾ?

ಶಿವಮೊಗ್ಗ: ನೀರು ಬರದ ಬೋರ್‌ಗಳ ಲೆಕ್ಕ ಇಟ್ಟಿದ್ದೀರಾ?

ಮಂಡ್ಯ: ಹಿರಿಯರ ಬಗ್ಗೆ ನೋಡಿ ಮಾತಾಡಿ.

ಶಿವಮೊಗ್ಗ: ತಾತನ ಬಗ್ಗೆ ಅಲ್ಲ, ಕಾಯಿ ಬಗ್ಗೆ ಹೇಳಿದ್ದು.

ಎಂಜಿನಿಯರ್: ಇಬ್ಬರೂ ನಿಲ್ಲಿಸಿ. ಬಾವಿ ಒಣಗಿದ್ದರೆ ದುಡ್ಡು ಹೋಗುತ್ತದೆ. ಇಲ್ಲಿ ಹಾರೆ ಹಿಡಿದವನ ಜೀವ ಹೋಗುತ್ತದೆ.

ರಾಯಚೂರು: ಮೊಬೈಲ್‌ನ ಮೆಟಲ್ ಡಿಟೆಕ್ಟರ್ ಆ್ಯಪ್ ಆಗುತ್ತಾ ಸರ್?

ಎಂಜಿನಿಯರ್: ಇಲ್ಲ. ಅದು ಹುಡುಕುವುದು ಲೋಹವನ್ನು, ನೆಲದಡಿಯಲ್ಲಿ ಮನೆಗೆ ಬರುವ ಹಳದಿ ಗ್ಯಾಸ್ ಪೈಪ್ ಪ್ಲಾಸ್ಟಿಕ್.

ಹುಬ್ಬಳ್ಳಿ: ಹಂಗಾದ್ರ ರಾಡಾರ್ ತರಿಸೋಣೇನ್ರಿ?

ಎಂಜಿನಿಯರ್: ನಿಮ್ಮದು ಎರೆ ಮಣ್ಣು. ಒದ್ದೆಯಿದ್ದಾಗ, ರಾಡಾರ್ ನೆಲದೊಳಗೆ ಕಳಿಸುವ ಅಲೆಯನ್ನು ಮೇಲೇ ನುಂಗಿಬಿಡುತ್ತದೆ. ಬೇಸಿಗೆಯಲ್ಲಿ ಪ್ರಯತ್ನಿಸಿ.

ಕೋಲಾರ: ಯಾವ ಆ್ಯಪ್ ಹಾಕಿಕೊಳ್ಳಬೇಕು ಸರ್?

ಎಂಜಿನಿಯರ್: ಮೇಲೆ ಬರೆದಿದ್ದೇನೆ.

ಹಾವೇರಿ: ಆ್ಯಪ್ ಹೆಸರು ಹೇಳಿ ಪ್ಲೀಸ್.

ಎಂಜಿನಿಯರ್: ಮೊದಲ ಉತ್ತರ ಓದಿ.

ಉಡುಪಿ: ಜೆಸಿಬಿ ಕೇಬಲ್‌ಗೆ ತಾಗಿಬಿಟ್ಟರೆ ಏನು ಮಾಡುವುದು?

ಎಂಜಿನಿಯರ್: ಡ್ರೈವರ್ ಕ್ಯಾಬಿನ್‌ನಲ್ಲೇ ಕೂರಬೇಕು. ಉಳಿದವರು ದೂರ. ಬೆಂಕಿ ಹತ್ತಿದರೆ ಮಾತ್ರ ಎರಡೂ ಕಾಲು ಜೋಡಿಸಿ ಜಿಗಿಯಬೇಕು, ಕಾಲು ಜೋಡಿಸಿಕೊಂಡೇ ದೂರ ಹೋಗಬೇಕು. ಗಾಡಿ, ನೆಲ ಎರಡನ್ನೂ ಒಟ್ಟಿಗೆ ಮುಟ್ಟಬಾರದು.

ದಾವಣಗೆರೆ: ಬಾಡಿಗೆ ಕೇಳಿ ಒಂದು ಗಂಟೆ ಆಯ್ತು.

ಮಂಡ್ಯ: ನಮಗೂ ಸರಿಯಾಗಿ ಉತ್ತರ ಬಂದಿಲ್ಲ ಬಿಡಿ.

ಎಂಜಿನಿಯರ್: ಮೈಸೂರಿನವರು ಎಲ್ಲಿ? 1912ಕ್ಕೆ ಮಾಡಿದಿರಾ?

ಮೈಸೂರು: ಮಾಡಿದೆ ಸರ್. ಬರ್ತಾ ಇದ್ದಾರೆ. ಮೇಸ್ತ್ರಿಗೆ ದಿನದ ಕೂಲಿ ಕೊಟ್ಟು ಮನೆಗೆ ಕಳಿಸಿದೆ.

ಎಂಜಿನಿಯರ್: ಒಳ್ಳೆಯದಾಯಿತು. ಅವರು ಬರುವವರೆಗೆ ನೀವೇ ಗುಂಡಿಯಿಂದ ದೂರ ನಿಂತು ಕಾಯಿರಿ, ಬೀದಿ ಮಕ್ಕಳು ಹತ್ತಿರ ಬರದ ಹಾಗೆ.