‘ಸ್ಟೇಲ್’ ಅಂದರೆ ಹಳಸಿದ್ದೋ, ತಂಗಳೋ?

ಎಲ್ಲರಿಗೂ ನಮಸ್ಕಾರ.

ನಮ್ಮದೊಂದು ಸಣ್ಣ ಗ್ರಂಥಾಲಯ. ತಾಳೆಗರಿಗಳ ಫೋಟೋಗಳೆಲ್ಲ ಮುಖ್ಯ ಕಚೇರಿಯ ಸರ್ವರ್‌ನಲ್ಲಿವೆ, ನಮ್ಮ ಇಂಟರ್ನೆಟ್ ಲೈನು ಬಲು ನಿಧಾನ. ಅದಕ್ಕೇ ನಡುವೆ ಸ್ಕ್ವಿಡ್ ಎಂಬ ಪ್ರಾಕ್ಸಿ, ಅಂದರೆ ನಮ್ಮ ಪರವಾಗಿ ಸರ್ವರ್‌ನಿಂದ ತರಿಸಿಕೊಡುವ ಮಧ್ಯವರ್ತಿ ತಂತ್ರಾಂಶ, ಕೂರಿಸಿದ್ದೇನೆ. ಒಬ್ಬರು ನೋಡಿದ ಫೋಟೋದ ಪ್ರತಿ ಅದರ ಕ್ಯಾಶ್‌ನಲ್ಲಿ, ಅಂದರೆ ಅದು ಪ್ರತಿ ಕೂಡಿಡುವ ಜಾಗದಲ್ಲಿ, ಉಳಿಯುತ್ತದೆ. ಇನ್ನೊಬ್ಬರು ಕೇಳಿದರೆ ಅಲ್ಲಿಂದಲೇ ಸಿಗುತ್ತದೆ. ಇದನ್ನು ನೋಡಿಕೊಳ್ಳುವ ಹುಡುಗನಿಗೆಂದು ಎರಡು ಪುಟದ ಟಿಪ್ಪಣಿ ಬರೆದುಕೊಟ್ಟೆ. ಎಡವಟ್ಟಾಗಿದ್ದು ಅಲ್ಲೇ.

ಕ್ಯಾಶ್‌ನಲ್ಲಿರುವ ಪ್ರತಿಯ ಗಡುವು ದಾಟಿದರೆ ಅದಕ್ಕೆ ಇಂಗ್ಲಿಷಿನಲ್ಲಿ ‘ಸ್ಟೇಲ್’ ಎನ್ನುತ್ತಾರೆ. ಅದು ಬರುವಲ್ಲೆಲ್ಲ ‘ಹಳಸಿದ’ ಎಂದು ಬರೆದಿದ್ದೆ. ಹಳಸಿದ್ದನ್ನು ಯಾರಾದರೂ ಇಟ್ಟುಕೊಳ್ತಾರಾ? ಶನಿವಾರ ಸಂಜೆ ಹುಡುಗ ಕ್ಯಾಶ್ ಪೂರ್ತಿ ಅಳಿಸಿ ಮನೆಗೆ ಹೋದ. ಸೋಮವಾರ ಪ್ರಾಕ್ಸಿಯ ಲಾಗ್ ತೆರೆದರೆ ಸಾಲು ಸಾಲು ‘ಟಿಸಿಪಿ_ಮಿಸ್’, ಅಂದರೆ ಕೇಳಿದ್ದು ಕ್ಯಾಶ್‌ನಲ್ಲಿ ಸಿಗಲಿಲ್ಲ. ಕೇಳಿದರೆ, “ಹಳಸಿದೆ ಅಂತ ನೀವೇ ಬರೆದಿದ್ರಲ್ಲ ಸಾರ್” ಅಂದ. ತಪ್ಪು ಅವನದಲ್ಲ, ನನ್ನ ಪದದ್ದು.

ಎಚ್‌ಟಿಟಿಪಿಯಲ್ಲಿ (ವೆಬ್ಬಿನ ಸಂದೇಶಗಳ ನಿಯಮಾವಳಿ) ಸ್ಟೇಲ್ ಅಂದರೆ ಕೆಟ್ಟಿದೆ ಎಂದಲ್ಲ. ಗಡುವು ದಾಟಿದೆ, ಇನ್ನು ಕೇಳದೆ ಬಡಿಸಬೇಡ ಎಂದಷ್ಟೇ. ಆಗ ಪ್ರಾಕ್ಸಿಯು ಮುಖ್ಯ ಕಚೇರಿಯ ಸರ್ವರನ್ನು ‘ಇದು ಬದಲಾಗಿದೆಯಾ?’ ಎಂದು ಕೇಳುತ್ತದೆ. ಇಲ್ಲ ಎನ್ನುವುದಾದರೆ ಸರ್ವರ್ 304 ಎಂಬ ಸಂಖ್ಯೆ ಕಳಿಸುತ್ತದೆ. 8 ಎಂಬಿ ಫೋಟೋ ಮತ್ತೆ ಬರುವುದಿಲ್ಲ, ನಾಲ್ಕಾರು ಸಾಲಿನ ಉತ್ತರ ಬಂದರೆ ಆಯಿತು. ಇಟ್ಟುಕೊಂಡ ಪ್ರತಿಯನ್ನೇ ಪ್ರಾಕ್ಸಿ ಕೊಡುತ್ತದೆ.

ಇದಕ್ಕೆ ನಮ್ಮ ಅಡುಗೆಮನೆಯಲ್ಲಿ ಪದ ಇದ್ದೇ ಇದೆ ಅಲ್ವಾ? ತಂಗಳು. ರಾತ್ರಿ ಉಳಿದ ಅನ್ನ ಬೆಳಗ್ಗೆ ತಂಗಳು. ಮೂಸಿ ನೋಡುತ್ತೇವೆ. ಚೆನ್ನಾಗಿದ್ದರೆ ಒಗ್ಗರಣೆ ಹಾಕಿ ಚಿತ್ರಾನ್ನ, ಹಳಸಿದ್ದರೆ ಕಲಗಚ್ಚಿಗೆ. ತಂಗಳಾಗುವುದು ಹೊತ್ತಿನ ಮಾತು, ಹಳಸುವುದು ಗುಣದ ಮಾತು. ಇಂಗ್ಲಿಷಿನಲ್ಲಿ ಎರಡಕ್ಕೂ ಸ್ಟೇಲ್ ಒಂದೇ. ‘ಹಳಸಲು ಜೋಕು’ ಎಂಬುದು ಬಾಯಿಗೆ ರೂಢಿಯಾಗಿರುವುದರಿಂದ ನಾನು ಅತ್ತ ಜಾರಿದೆ.

ಟಿಪ್ಪಣಿ ತಿದ್ದಿದೆ. ಫ್ರಿಜ್ಜಿಗೆ ತಂಗಳು ಪೆಟ್ಟಿಗೆ ಎಂದು ತಮಾಷೆ ಮಾಡುವುದುಂಟಲ್ಲ, ಹುಡುಗ ಈಗ ಕ್ಯಾಶ್‌ಗೇ ಆ ಹೆಸರಿಟ್ಟಿದ್ದಾನೆ. ನನಗಂತೂ ಇಷ್ಟವಾಯಿತು. ಸುಮ್ನೆ ‘ತಾತ್ಕಾಲಿಕ ಸಂಗ್ರಹ’ ಎಂದು ಬರೆದರೆ ಯಾರಿಗೆ ಏನು ಹೊಳೆಯುತ್ತದೆ?

(ಇದೇ ಕೆಲಸ ಮಾಡುತ್ತಿರುವವರಿಗೆ ಒಂದು ಮಾತು: ಸ್ಕ್ವಿಡ್ ತಾನಾಗಿ 4 ಎಂಬಿಗಿಂತ ದೊಡ್ಡ ಕಡತವನ್ನು ಡಿಸ್ಕಿನಲ್ಲಿ ಇಡುವುದಿಲ್ಲ. ನಮ್ಮ ಫೋಟೋಗಳು 6ರಿಂದ 8 ಎಂಬಿ! ಸ್ಕ್ವಿಡ್‌ನ ಸೆಟ್ಟಿಂಗ್ ಕಡತದಲ್ಲಿ ಈ ಮಿತಿ ಹೇಳುವ ‘ಮ್ಯಾಕ್ಸಿಮಮ್_ಆಬ್ಜೆಕ್ಟ್_ಸೈಜ್’ ಅನ್ನು 20 ಎಂಬಿಗೆ ಏರಿಸಿದೆ. ಆ ಸಾಲು, ಕ್ಯಾಶ್ ಎಲ್ಲಿರಬೇಕೆಂದು ಹೇಳುವ ‘ಕ್ಯಾಶ್_ಡಿರ್’ ಸಾಲಿಗಿಂತ ಮೇಲಿರಬೇಕು. ಕೆಳಗೆ ಬರೆದು ನಾನು ಒಂದು ದಿನ ಕಳೆದುಕೊಂಡೆ.)

ಈಗ ತೊಡಕಿರುವುದು ‘ಫ್ರೆಶ್’, ಅಂದರೆ ಗಡುವು ಇನ್ನೂ ದಾಟದ್ದು, ಎಂಬಲ್ಲಿ. ಮನೆಮಾತಿನಲ್ಲಿ ತಂಗಳಿಗೆ ಎದುರು ಬಿಸಿ. ಬಿಸಿ ಅನ್ನ, ತಂಗಳನ್ನ. ಆದರೆ ಚಿತ್ರಗಳಿಗೆ ನಾನು ಕೊಟ್ಟಿರುವ ‘ರಿಫ್ರೆಶ್_ಪ್ಯಾಟರ್ನ್’ (ಪ್ರತಿ ಎಷ್ಟು ದಿನ ಫ್ರೆಶ್ ಎಂದು ಸ್ಕ್ವಿಡ್‌ಗೆ ಹೇಳುವ ಸಾಲು) ಲೆಕ್ಕ ನೋಡಿ: 10080, 90%, 43200. ಮೊದಲನೆಯದೂ ಕೊನೆಯದೂ ನಿಮಿಷಗಳು, ಅಂದರೆ 7 ದಿನ ಮತ್ತು 30 ದಿನ. ಸರ್ವರ್ ತಾನಾಗಿ ಗಡುವು ಹೇಳದಿದ್ದರೆ ಈ ಲೆಕ್ಕ ನಡೆಯುತ್ತದೆ. ತರಿಸಿಕೊಂಡ ದಿನಕ್ಕೆ ಫೋಟೋ 10 ದಿನ ಹಳೆಯದಾಗಿದ್ದರೆ ಅದರ 90%, ಅಂದರೆ 9 ದಿನ ಫ್ರೆಶ್. 20 ದಿನ ಹಳೆಯದಾಗಿದ್ದರೆ 18 ದಿನ. 100 ದಿನ ಹಳೆಯದಕ್ಕೆ 90 ಬರಬೇಕು, 30ಕ್ಕೆ ತಡೆ ಬೀಳುತ್ತದೆ. ಇಷ್ಟು ದಿನ ಬದಲಾಗದ್ದು ಇನ್ನೂ ಕೆಲವು ದಿನ ಬದಲಾಗಲಿಕ್ಕಿಲ್ಲ ಎಂಬ ಅಂದಾಜು.

ಅಂದರೆ ಹಳೆಯದಾದಷ್ಟೂ ಜಾಸ್ತಿ ದಿನ ಬಿಸಿ! ಅನ್ನದ ಹೋಲಿಕೆ ಇಲ್ಲಿ ಕೈಕೊಡುತ್ತದೆ. ಇದು ಉಪ್ಪಿನಕಾಯಿಯ ಲೆಕ್ಕ. ‘ತಾಜಾ’ ಎಂದರೂ ಅಷ್ಟೇ, ಈಗಷ್ಟೇ ಬಂದದ್ದು ಎಂಬ ವಾಸನೆ ಬಿಡುವುದಿಲ್ಲ.

ನನ್ನ ಪ್ರಶ್ನೆಗಳು ಎರಡು. ‘ಇನ್ನೂ ಕೇಳದೆ ಬಡಿಸಬಹುದಾದ್ದು’ ಎಂಬುದಕ್ಕೆ ನಿಮ್ಮ ಕಡೆ ಒಂದೇ ಪದ ಏನಾದರೂ ಇದೆಯೇ? ಇನ್ನೊಂದು, ‘ತಂಗಳು’ ಬಂದದ್ದು ‘ತಂಗು’ ಎಂಬುದರಿಂದಲೋ, ‘ತಣ್ + ಕೂಳು’ ಸೇರಿಯೋ? ತಂಗಿದ್ದು ಎಂದಾದರೆ ಕ್ಯಾಶ್‌ಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ತಣ್ಣನೆಯದು ಎಂದಾದರೆ ಎದುರಿಗೆ ‘ಬಿಸಿ’ಯನ್ನೇ ಉಳಿಸಿಕೊಳ್ಳುತ್ತೇನೆ.