ಟೆಟ್ರಾಕ್ವಾರ್ಕ್ ವಿಂಗಡಣೆ: 6ರ ಗುಂಪಾ, 15ರ ಗುಂಪಾ? ಸಹಾಯ ಬೇಕು

ನಮಸ್ಕಾರ. ಶಂಕರಘಟ್ಟದಲ್ಲಿ ಎಂಎಸ್ಸಿ ಫಿಸಿಕ್ಸ್ ಓದುತ್ತಿದ್ದೇನೆ. 2022ರಲ್ಲಿ ಸರ್ನ್‌ನ ಎಲ್‌ಎಚ್‌ಸಿಬಿ ಪ್ರಯೋಗದಲ್ಲಿ ಸಿಕ್ಕಿದ, ಎರಡು ಪಾಸಿಟಿವ್ ಚಾರ್ಜ್ ಇರುವ ಟೆಟ್ರಾಕ್ವಾರ್ಕ್ (ಎರಡು ಕ್ವಾರ್ಕ್, ಎರಡು ಆಂಟಿಕ್ವಾರ್ಕ್ ಸೇರಿದ ಕಣ) ನನ್ನ ಪ್ರಾಜೆಕ್ಟ್. ಅದರಲ್ಲಿ ಚಾರ್ಮ್, ಅಪ್, ಆಂಟಿ-ಸ್ಟ್ರೇಂಜ್, ಆಂಟಿ-ಡೌನ್ ಇವೆ.

ಅಪ್, ಡೌನ್, ಸ್ಟ್ರೇಂಜ್ ಕ್ವಾರ್ಕ್‌ಗಳನ್ನು ಸಮವೆಂದು ನೋಡುವ ಎಸ್‌ಯು(3) ಫ್ಲೇವರ್ ಸಿಮೆಟ್ರಿಯಲ್ಲಿ ಆ ಎರಡು ಆಂಟಿಕ್ವಾರ್ಕ್‌ಗಳನ್ನು ಅದಲುಬದಲು ಮಾಡಿದಾಗ ತರಂಗ ಫಲನದ ಫ್ಲೇವರ್ ಭಾಗದ ಚಿಹ್ನೆ ಬದಲಾದರೆ ಕಣ 6ರ ಗುಂಪಿಗೆ (ಆರು ಕಣಗಳ ಕುಟುಂಬ), ಬದಲಾಗದಿದ್ದರೆ 15ರ ಗುಂಪಿಗೆ ಸೇರುತ್ತದೆ. ಇಲ್ಲಿವರೆಗೆ ಸರಿ, ಅಲ್ವಾ? ಆದರೆ ಅದು ಒಡೆದಾಗ ಕಂಡ ಡಿ-ಎಸ್ ಪ್ಲಸ್, ಪೈ ಪ್ಲಸ್ ಕಣಗಳ ಜೋಡಿ ಎರಡೂ ಗುಂಪಿಗೆ ಹೊಂದುತ್ತದೆ! ಎರಡು ಆಂಟಿ-ಡೌನ್ ಇರುವ ಜೊತೆಗಾರ ಕಣ 15ರಲ್ಲಿ ಮಾತ್ರ ಬರುತ್ತದೆ, ಅದು ಗೊತ್ತಾಗಿದೆ.

ಸಿಕ್ಕಿಹಾಕಿಕೊಂಡಿರುವುದು ಮುಂದೆ. ಸ್ಟ್ರೇಂಜ್ ಕ್ವಾರ್ಕ್‌ನ ತೂಕ ಅಪ್, ಡೌನ್‌ಗಿಂತ ಜಾಸ್ತಿ ಇರುವುದರಿಂದ ಎರಡು ಗುಂಪೂ ಬೆರೆಯುತ್ತವೆ. ಆ ಬೆರಕೆಯನ್ನು ಟೆನ್ಸರ್ (ಸೂಚ್ಯಂಕಗಳಿರುವ ರಾಶಿ) ವಿಧಾನದಲ್ಲಿ ಹೇಗೆ ಬರೆಯಬೇಕು? ಸುಮ್ನೆ ಉತ್ತರ ಬೇಡ, ಮೊದಲ ಹೆಜ್ಜೆ ತೋರಿಸಿದರೆ ಸಾಕು. ಮಳೆಗೆ ಇಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲ. ಶಿವಮೊಗ್ಗ, ಭದ್ರಾವತಿ ಕಡೆಯವರು ಯಾರಾದರೂ ಇದ್ದರೆ ನೋಟ್ಸ್ ಹಿಡಿದು ನಾನೇ ಬರುತ್ತೇನೆ.