ಅಪ್‌ಡೇಟ್: ಎಂಟೂ ದೀಪ ಹತ್ತಿದರೂ ತೆವಳುತ್ತಿದ್ದ ಕೇಬಲ್

ಮೈಸೂರಿನ ಡಿಪ್ಲೊಮಾ ಲ್ಯಾಬಿಗೆ ನಾವೇ ಪ್ಲಗ್ ಕ್ರಿಂಪ್ ಮಾಡಿದ (ಒತ್ತಿ ಕೂರಿಸಿದ) ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಟೆಸ್ಟರ್‌ನಲ್ಲಿ ಎಂಟೂ ತಂತಿಯ ದೀಪ ಹತ್ತಿ ಪಾಸಾದರೂ ಫೈಲ್ ಕಾಪಿ ಯಾಕೆ ತೆವಳುತ್ತೆ ಅಂತ ಕೇಳಿದ್ದೆನಲ್ಲ, ಕಾರಣ ಸಿಕ್ತು. ಕೇಬಲ್‌ನೊಳಗಿನ ಎಂಟು ತಂತಿ ಎರಡೆರಡಾಗಿ ಹುರಿಗೊಂಡಿರುತ್ತವೆ. ಎರಡೂ ತುದಿಯಲ್ಲಿ ಬಣ್ಣಗಳನ್ನು ಜೋಡಿ ಜೋಡಿಯಾಗಿಯೇ ಕೂರಿಸಿದ್ದೆವು: ಪ್ಲಗ್ಗಿನ ಪಿನ್ 3-4ಕ್ಕೆ ಹಸಿರು ಜೋಡಿ, 5-6ಕ್ಕೆ ನೀಲಿ ಜೋಡಿ. ನೋಡೋಕೆ ಚೆಂದ, ಕೆಲಸಕ್ಕೆ ಬಾರದು. ಅಗ್ಗದ ಟೆಸ್ಟರ್ ತಂತಿ ತುದಿಯಿಂದ ತುದಿಗೆ ಮುಟ್ಟಿದೆಯೇ ಅಂತಷ್ಟೇ ನೋಡುತ್ತೆ. ಆದರೆ ಒಂದು ಸಿಗ್ನಲ್ ಹೋಗೋದು ಪಿನ್ 3 ಮತ್ತು 6ರ ಜೋಡಿಯಲ್ಲಿ. ಆ ಎರಡು ತಂತಿ ಒಂದೇ ಹುರಿಯಲ್ಲಿ ಇರದಿದ್ದರೆ ಕ್ರಾಸ್‌ಟಾಕ್ (ಒಂದು ಜೋಡಿಯ ಸಿಗ್ನಲ್ ಪಕ್ಕದ ಜೋಡಿಗೆ ಸೋರೋದು) ತಪ್ಪಿದ್ದಲ್ಲ.

ಎರಡೂ ಪ್ಲಗ್ ಕತ್ತರಿಸಿ 568ಬಿ ಅನ್ನೋ ಪ್ರಮಾಣಿತ ಬಣ್ಣದ ಕ್ರಮದಲ್ಲಿ, ಪಿನ್ 1ರಿಂದ 8ರವರೆಗೆ, ಹೊಸ ಪ್ಲಗ್ ಹಾಕಿದೆವು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹುರಿ ಬಿಚ್ಚಿದ್ದು 13 ಮಿ.ಮೀ. ಒಳಗೇ. ಹೊರಕವಚವೂ ಪ್ಲಗ್ಗಿನೊಳಗೆ ಸೇರಿರಬೇಕು, ಇಲ್ಲದಿದ್ದರೆ ಎಳೆದಾಗ ತಂತಿ ಕಿತ್ತು ಬರುತ್ತೆ. ಈಗ ಲಿಂಕ್ ವೇಗ 1000 ಎಂಬಿಪಿಎಸ್ ತೋರಿಸ್ತಿದೆ.